ಕೊನೇ ಸ್ಟಾಪು

ಮಿಡಿಗೇಶಿ ಅಂದರೆ
ಹಿಮ್ಮಡಿಗೆ ಬೀಳುವ ಕೂದಲಿನವಳು ಅಂತಾರೆ.
ಅಂಥ ಊರಿನಿಂದ ಎರಡು ಮೈಲಿ ಆಚೆ
ನಮ್ಮಮ್ಮ ಹನುಮಕ್ಕ
ಒಂದು ಚಿಟಿಕೆ ಕೂದಲನ್ನು
ನಲವತ್ತು ವರ್ಷ ಸೆರಗಿನಡಿ ಸಾಕಿದಳು.

ಬೈತಲೆ ಶುರುವಾಗುವಲ್ಲಿ, ಹಣೆಯ ನೆಟ್ಟನಡುವೆ
ಎರಡು ಬೆರಳಗಲದ ಬಿಳುಪು.
ಹುಟ್ಟುವಾಗಲೇ ತಂದದ್ದು.
ಹಿಟ್ಟು ಮೆತ್ತಿದೆ ಅಂದುಕೊಂಡು ಸೂಲಗಿತ್ತಿ
ಒದ್ದೆ ಬಟ್ಟೆಯಲ್ಲಿ ಒರೆಸಿದಳಂತೆ, ಮೂರು ಸಲ.
ಅಜ್ಜಿ ದೊಡ್ಡೀರಮ್ಮನಿಗೂ ಇತ್ತು,
ಸೋದರಮಾವನಿಗೂ. ಹೆಸರು ನೋಡಿ, ಕರಿಯಣ್ಣ!
ಊರು ನಮ್ಮನ್ನು ಕರೆದದ್ದು
ಬೆಳ್ಳಕ್ಕಿ ಮನೆಯವರು ಅಂತ.

ಮದುವೆಯ ಬೆಳಗ್ಗೆ ಅಜ್ಜಿ
ಹರಳೆಣ್ಣೆ ದೀಪಕ್ಕೆ ಹಂಚು ಕವುಚಿ ಕಾಡಿಗೆ ಹಿಡಿದು
ಬೆಣ್ಣೆಯಲ್ಲಿ ಕಲಸಿ ಬಳಿದಳು.
ಧಾರೆಯ ಹೊತ್ತಿಗೆ ಬೆವರಿಗೆ ಕರಗಿ
ಒಂದು ಕಪ್ಪು ಗೆರೆ ಬಾಸಿಂಗದ ಕೆಳಗಿಂದ ಇಳಿದು
ಮೂಗಿನ ತುದಿಗೆ ಬಂದು ನಿಂತಿತು.
ಅಪ್ಪ ನೋಡಿದ.
ಶಲ್ಯದ ಚುಂಗಿನಿಂದ ಒರೆಸಿ
"ಹ್ಞೂಂ, ಮುಂದಕ್ಕೆ ನಡೀಲಿ ಸ್ವಾಮಿ" ಅಂದ.
ಶಲ್ಯ ಈಗಲೂ ಟ್ರಂಕಿನಲ್ಲಿದೆ, ಕಲೆ ಹೋಗಿಲ್ಲ.
ಅವರಿಬ್ಬರೂ ಆ ಮಾತನ್ನು
ಯಾವತ್ತೂ ಎತ್ತಲಿಲ್ಲ.

ಮಧುಗಿರಿಯ ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಹೇಳುತ್ತೇನೆ.
ಲೋಕದ ತಲೆಗಳಿಗೆಲ್ಲ ಇರುವುದು ಎರಡೇ ಶಾಯಿ,
ಒಂದು ಕಪ್ಪು-ಕಂದು, ಇನ್ನೊಂದು ಕೆಂಪು-ಹಳದಿ;
ಯಾವುದು ಎಷ್ಟು ಅನ್ನುವುದು
ಅಪ್ಪನದೊಂದು ಅಮ್ಮನದೊಂದು ಸೇರಿದ
ಚೀಟಿಗಳ ಜೊತೆಗಳಲ್ಲಿ, ಅಂಥವು ನೂರಾರು.
"ಕೆಂಪು ಕೂದಲಿನವರು ನಮ್ಮಲ್ಲಿ ಯಾಕಿಲ್ಲ ಮೇಡಂ?"
"ಇದಾರಲ್ಲೋ, ಪ್ರಿನ್ಸಿಪಾಲರು,
ಮೆಹಂದಿ ಹಚ್ಚಿದ ಸೋಮವಾರ."

ನಗು ನಿಂತ ಮೇಲೆ
ಸಿಲಬಸ್ಸಿನಲ್ಲಿ ಇಲ್ಲದ್ದನ್ನು ಹೇಳುತ್ತೇನೆ.
ಕೂಸು ಇನ್ನೂ ಅವರೆಕಾಳಿನಷ್ಟಿರುವಾಗ
ಬಣ್ಣದ ಕೋಶಗಳು ಬೆನ್ನಹುರಿಯ ಬಳಿಯಿಂದ ಹೊರಡುತ್ತವೆ,
ಸುಣ್ಣ ಬಳಿಯುವವರ ಹಾಗೆ ಡಬ್ಬಿ ಬ್ರಷ್ಷು ಹಿಡಿದು,
ಕಾಲ್ನಡಿಗೆಯಲ್ಲಿ,
ಪಕ್ಕೆ ಬಳಸಿ ಹೊಟ್ಟೆಗೆ, ನೆತ್ತಿ ಹತ್ತಿ ಹಣೆಗೆ.
ಹಣೆ ಬಲು ದೂರದ ಊರು.
ಕೆಲವು ಮನೆತನಗಳಲ್ಲಿ ಚೀಟಿಯ ಒಂದಕ್ಷರ ತಪ್ಪಿ
ಅವು ಅಲ್ಲಿಗೆ ಮುಟ್ಟುವುದೇ ಇಲ್ಲ,
ರಾತ್ರಿ ಎಂಟೂವರೆ ಬಸ್ಸು
ಉಳಿದಿರೋದು ಇಬ್ಬರೇ ಅಂತ
ಮಿಡಿಗೇಶಿಯಲ್ಲೇ ತಿರುಗಿಸಿಕೊಂಡು ಹೋಗುವ ಹಾಗೆ.
ಬಿಳುಪು ಎಲ್ಲಿಂದಲೋ ಬಂದದ್ದಲ್ಲ.
ಕಪ್ಪು ಬರಲಿಲ್ಲ, ಅಷ್ಟೇ.

ಇದನ್ನು ಅಮ್ಮನಿಗೆ ಹೇಳಿದ್ದೆ ಒಮ್ಮೆ.
ಕಡ್ಲೆಕಾಯಿ ಸುಲಿಯುತ್ತ ಕೇಳಿಸಿಕೊಂಡು
"ಮತ್ತೆ ಆ ಇಬ್ಬರು ಮನೆಗೆ ಹೆಂಗೆ ಹೋದರು?" ಅಂದಳು.

ಪ್ರತಿ ಹೆರಿಗೆಗೂ ನಾಣ್ಯ ಹೊಸದಾಗಿ ಚಿಮ್ಮುತ್ತದೆ,
ಅರ್ಧಕ್ಕರ್ಧ.
ನಾನು ಹುಟ್ಟಿದಾಗ ಅಮ್ಮ ಮೊದಲು ಕೇಳಿದ್ದು ಹಣೆ,
ಗಂಡೋ ಹೆಣ್ಣೋ ಆಮೇಲೆ.
ಪೂರ್ತಿ ಕಪ್ಪು. ಗಂಗಮ್ಮನಿಗೆ ಕಾಯಿ ಒಡೆಸಿದಳು.
ತಂಗಿ ಪುಟ್ಟರಂಗಿಗೆ ಒಡೆಸಲಿಲ್ಲ.
ಸಿಗದವರು ಕೊಡಲಾರರು, ಅದೂ ಲೆಕ್ಕವೇ;
ನನ್ನ ಮಗನ ಜೋಳಿಗೆಯಲ್ಲಿ ಅದಿಲ್ಲ.

ಪುಟ್ಟರಂಗಿಯ ಮಗಳು ಸಿಂಚನ
ಬಸ್‌ಪಾಸಿಗೆ ಫೋಟೋ ತೆಗೆಸಲು ಹೋದಾಗ
ಸ್ಟುಡಿಯೋದವನು ಕೇಳದೆಯೇ
ಕಂಪ್ಯೂಟರಿನಲ್ಲಿ ಅಷ್ಟಕ್ಕೂ ಕಪ್ಪು ತುಂಬಿದ್ದನಂತೆ.
ಇವಳು ಮೂವತ್ತು ರೂಪಾಯಿ ವಾಪಸ್ಸು ಇಸಿದುಕೊಂಡು
ಪಕ್ಕದ ಅಂಗಡಿಗೆ ಹೋದಳು.
ಪಾಸಿನಲ್ಲಿ ಈಗ ಮುಖಕ್ಕಿಂತ ಮೊದಲು
ಆ ಬೆಳ್ಳಕ್ಕಿಯೇ ಕಾಣುತ್ತದೆ.

ಅಮ್ಮ ಹೋದ ದಿನ ನೀರು ಹಾಕಿದ ಮೇಲೆ
ತಲೆ ಒರೆಸಿದವಳು ನಾನು.
ಕೊನೆಕೊನೆಗೆ ಅಷ್ಟೂ ನೆರೆತು
ಬಚ್ಚಿಟ್ಟದ್ದು ಎಲ್ಲಿತ್ತೆಂದು
ಬಾಚಣಿಗೆ ಹಿಡಿದು ಹುಡುಕಿದೆ.
ಹೊರಗೆ ಜನ, ಹೊತ್ತಾಯ್ತು ಅಂತ ಕೂಗುತ್ತಿದ್ದರು.
ಬೈತಲೆ ತೆಗೆದೆ, ಮತ್ತೆ ತೆಗೆದೆ.
ಎಲ್ಲೂ ಗೊತ್ತಾಗಲಿಲ್ಲ.